ಇಮ್ಯುನಿಟಿ ಕಿಟ್‌ಗೆ 4,800 ರೂಪಾಯಿ ಹೋಯಿತು, ಅಪ್ಪನ ಕಡ್ಡಿಪುಡಿ ಬಿಡಿಸಿದ್ದು ದುಡ್ಡಿಲ್ಲದ ಒಂದು ಫೋನ್ ನಂಬರ್

ಇದು ಎರಡರ ರಿವ್ಯೂ. ಒಂದು, ನಮ್ಮೂರ ಹತ್ತಿರದ ಕಲ್ಯಾಣ ಮಂಟಪದಲ್ಲಿ ಆರೋಗ್ಯ ಶಿಬಿರ ಅಂತ ಕರೆದು ಮಾರಿದ ಇಮ್ಯುನಿಟಿ ಕಿಟ್. ಇನ್ನೊಂದು, ತಂಬಾಕು ಬಿಡುವವರಿಗೆ ಸಹಾಯ ಮಾಡುವ ಸರ್ಕಾರದ ಫೋನ್ ಸೇವೆ, 1800-11-2356. ಮೊದಲನೆಯದಕ್ಕೆ 4,800 ರೂಪಾಯಿ ಕೊಟ್ಟೆವು. ಎರಡನೆಯದಕ್ಕೆ ಒಂದು ಪೈಸೆ ಕೊಟ್ಟಿಲ್ಲ. ಎರಡೂ ನಮ್ಮ ಮನೆಗೆ ಬಂದಿದ್ದು ಒಂದೇ ಮಾತು ಹೇಳಿಕೊಂಡು, ಕ್ಯಾನ್ಸರ್ ಬರದ ಹಾಗೆ ನೋಡಿಕೊಳ್ಳಬಹುದು ಅಂತ. ಹಾಗಾಗಿ ಒಟ್ಟಿಗೇ ಬರೆಯುತ್ತಿದ್ದೇನೆ.

ಕಿಟ್ ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥವು ಹತ್ತಾರು ಹೆಸರಲ್ಲಿ ಸಿಗುತ್ತವೆ. ಒಂದರ ಹೆಸರು ಹೇಳಿದರೆ ಉಳಿದವು ಒಳ್ಳೆಯವು ಅನ್ನಿಸಿಬಿಡಬಹುದು.

ಮೊದಲು ಅಪ್ಪನ ವಿಷಯ. ಅಪ್ಪನಿಗೆ 62. ತಿಪಟೂರು ಕಡೆ ತೆಂಗಿನ ತೋಟ. ಬೀಡಿ, ಸಿಗರೇಟು ಮುಟ್ಟಿದವರಲ್ಲ, ಕುಡಿಯುವುದೂ ಇಲ್ಲ. ಆದರೆ ಎಲೆ, ಅಡಿಕೆ, ಸುಣ್ಣ, ಜೊತೆಗೆ ಕಡ್ಡಿಪುಡಿ ಮಾತ್ರ 35 ವರ್ಷದಿಂದ ಬಿಟ್ಟಿಲ್ಲ. ಬೆಳಗ್ಗೆ ಕಾಫಿ ಆದ ತಕ್ಷಣ ಸಂಚಿ ಬಿಚ್ಚಿದರೆ ರಾತ್ರಿ ಮಲಗುವವರೆಗೂ ಎಡಗಡೆ ದವಡೆಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ದಿನಕ್ಕೆ ಎರಡು ಪ್ಯಾಕೆಟ್ ಕಡ್ಡಿಪುಡಿ. ಸಿಗರೇಟು ಸೇದುವವರಿಗೆ ಬುದ್ಧಿ ಹೇಳುವ ಜನವೂ ಎಲೆಅಡಿಕೆ ಹಾಕುವವರಿಗೆ ಏನೂ ಹೇಳುವುದಿಲ್ಲ. ಅದು ನಮ್ಮಲ್ಲಿ ಮರ್ಯಾದೆಯ ವಸ್ತು, ಅಲ್ವಾ? ಮನೆಗೆ ಬಂದವರಿಗೆ ಕೊಡುತ್ತೇವೆ, ದೇವರಿಗೆ ಇಡುತ್ತೇವೆ. ಅದರ ಜೊತೆಗೆ ಹೊಗೆಸೊಪ್ಪು ಸೇರಿಕೊಂಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಮನೆಯವರೆಲ್ಲ ಹೆದರಿಹೋದೆವು. ಆ ಹೆದರಿಕೆಯ ಸಮಯಕ್ಕೆ ಸರಿಯಾಗಿ ಈ ಶಿಬಿರ ಬಂತು. ಅಮ್ಮ ಹೋದರು, ಪಕ್ಕದ ಮನೆಯವರೂ ಹೋದರು. ಬಿಪಿ, ಶುಗರ್ ಪುಕ್ಕಟೆ ನೋಡಿದರು, ಆಮೇಲೆ ಪರದೆ ಮೇಲೆ ಚಿತ್ರ ತೋರಿಸುತ್ತಾ ಒಬ್ಬರು ಮುಕ್ಕಾಲು ಗಂಟೆ ಮಾತಾಡಿದರಂತೆ. ಅಮ್ಮ ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟು: 'ನಮ್ ಮೈಯಲ್ಲಿ ದಿನಾ ಕ್ಯಾನ್ಸರ್ ಕಣ ಹುಟ್ತಾವಂತೆ ಕಣೆ, ಇಮ್ಯುನಿಟಿ ಚೆನ್ನಾಗಿದ್ರೆ ಅದೇ ಸಾಯಿಸುತ್ತಂತೆ, ನಿಮ್ ಚಿಕ್ಕಮ್ಮನಿಗೆ ಅದು ಕಮ್ಮಿ ಇತ್ತು ಅದಕ್ಕೇ ಬಂತು ಅಂದ್ರು.'

ಈ ಕೊನೆಯ ಮಾತು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಿಟ್‌ನಲ್ಲಿ ಏನಿತ್ತು: ಹಸಿರು ಪುಡಿಯ ಮೂರು ಡಬ್ಬಿ, ಅರಿಶಿನದ ಕ್ಯಾಪ್ಸೂಲ್, ಅಮೃತಬಳ್ಳಿ ರಸದ ಬಾಟಲಿ, ಆಂಟಿಆಕ್ಸಿಡೆಂಟ್ ಅಂತ ಬರೆದ ಕಿತ್ತಳೆ ಬಣ್ಣದ ಮಾತ್ರೆ. ಪ್ಯಾಕಿಂಗ್ ಚೆನ್ನಾಗಿದೆ. ಪುಡಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ತಳದಲ್ಲಿ ಮರಳಿನ ಥರ ಕೂರುತ್ತದೆ, ನುಗ್ಗೆಸೊಪ್ಪಿನ ವಾಸನೆ ಜಾಸ್ತಿ. ರಸ ಕಹಿ, ಅದು ಇರಬೇಕಾದ್ದೇ. ಜೊತೆಗೆ ಬಂದ ಕನ್ನಡದ ಪಾಂಪ್ಲೆಟ್‌ನಲ್ಲಿ 'ಕ್ಯಾನ್ಸರ್ ತಡೆಗಟ್ಟುತ್ತದೆ' ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು. 1954ರಿಂದ ನಮ್ಮ ದೇಶದಲ್ಲಿ ಒಂದು ಕಾನೂನಿದೆ. ಯಾವುದೇ ಔಷಧಿಯನ್ನು ಕ್ಯಾನ್ಸರ್ ತಡೆಯುತ್ತದೆ, ವಾಸಿ ಮಾಡುತ್ತದೆ ಅಂತ ಜಾಹೀರಾತು ಮಾಡುವ ಹಾಗಿಲ್ಲ. ಇನ್ನು ಡಬ್ಬಿ ಮೇಲಿರುವ, ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿ 'ನೋಡಿ, ಸರ್ಕಾರದ ಅನುಮತಿ ಇದೆ' ಅಂದರಂತೆ. ಆ ನಂಬರ್ ಆಹಾರ ತಯಾರಿಸಲು, ಮಾರಲು ಪಡೆದ ಲೈಸೆನ್ಸ್ ಅಷ್ಟೇ. ಉಪ್ಪಿನಕಾಯಿ ಬಾಟಲಿ ಮೇಲೂ ಇರುತ್ತದೆ. ಆ ಪುಡಿ ಕ್ಯಾನ್ಸರ್ ತಡೆಯುತ್ತದೆ ಅಂತ ಯಾರೂ ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಆದರೆ ಶಿಬಿರದಲ್ಲಿ ಹೇಳಿದ ಮೊದಲರ್ಧ ಸುಳ್ಳಲ್ಲ. ಅದಕ್ಕೇ ಜನ ನಂಬುತ್ತಾರೆ. ನಾನು ಓದಿ, ಡಾಕ್ಟರ್ ಹತ್ತಿರ ಕೇಳಿ ತಿಳಿದುಕೊಂಡಿದ್ದು ಹೀಗಿದೆ. ನಮ್ಮ ಜೀವಕೋಶಗಳು ಒಂದು ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳು ಆಗುತ್ತಲೇ ಇರುತ್ತವೆ. ಅದನ್ನು ರಿಪೇರಿ ಮಾಡುವ ವ್ಯವಸ್ಥೆ ಕೋಶದ ಒಳಗೇ ಇದೆ. ರಿಪೇರಿ ಆಗದಷ್ಟು ಕೆಟ್ಟರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಅದನ್ನೂ ತಪ್ಪಿಸಿಕೊಂಡ ಕೋಶವನ್ನು ರೋಗನಿರೋಧಕ ಶಕ್ತಿಯ ಬಿಳಿ ರಕ್ತಕಣಗಳಾದ ಕೊಲೆಗಾರ ಕೋಶಗಳು, ಟಿ ಸೆಲ್‌ಗಳು ಹುಡುಕಿ ಕೊಲ್ಲಬಲ್ಲವು. ಇದು ನಿಜ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಕಿಡ್ನಿ ಕಸಿ ಮಾಡಿಸಿಕೊಂಡವರನ್ನು ನೋಡಿ. ಹೊಸ ಕಿಡ್ನಿ ಉಳಿಯಲಿ ಅಂತ ಅವರ ರೋಗನಿರೋಧಕ ಶಕ್ತಿಯನ್ನು ಔಷಧಿ ಕೊಟ್ಟು ತಗ್ಗಿಸಿರುತ್ತಾರೆ, ಅಂಥವರಲ್ಲಿ ಕೆಲವು ಕ್ಯಾನ್ಸರ್‌ಗಳು ಬೇರೆಯವರಿಗಿಂತ ಜಾಸ್ತಿ ಬರುತ್ತವೆ. 2018ರಲ್ಲಿ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅನ್ನುವ ಇಬ್ಬರಿಗೆ ನೊಬೆಲ್ ಸಿಕ್ಕಿದ್ದೂ ಇದೇ ವಿಷಯಕ್ಕೆ. ನಮ್ಮ ಟಿ ಸೆಲ್‌ಗಳಿಗೆ ಬ್ರೇಕ್ ಇದೆ, ಆ ಬ್ರೇಕ್ ಬಿಡಿಸಿದರೆ ಅವು ಕ್ಯಾನ್ಸರ್ ಮೇಲೆ ಬೀಳುತ್ತವೆ ಅಂತ ಅವರು ತೋರಿಸಿದರು. ಹಾಗೆ ಬ್ರೇಕ್ ಬಿಡಿಸುವ ಔಷಧಿಗಳು ಬಂದವು, ಅವನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಬ್ರೇಕ್ ಬಿಟ್ಟ ಅದೇ ಶಕ್ತಿ ತಮ್ಮದೇ ಕರುಳು, ಥೈರಾಯಿಡ್ ಮೇಲೆ ತಿರುಗಿಬಿಡುತ್ತದೆ. ಅಂದರೆ ಇಮ್ಯುನಿಟಿ ಎಷ್ಟು ಜಾಸ್ತಿಯಾದರೆ ಅಷ್ಟು ಒಳ್ಳೆಯದು ಅನ್ನುವ ಮಾತೇ ತಪ್ಪು. ಒಂದು ಚಮಚ ಪುಡಿಯಿಂದ ಅದು ಏರುತ್ತದೆ ಅನ್ನುವುದು ಇನ್ನೂ ದೊಡ್ಡ ತಪ್ಪು.

ಆ ಕಿತ್ತಳೆ ಮಾತ್ರೆಯಲ್ಲಿ ಬೀಟಾ ಕ್ಯಾರೊಟಿನ್ ಇತ್ತು. ಕ್ಯಾರೆಟ್‌ನಲ್ಲಿ ಇರುತ್ತದಲ್ಲ, ಅದು. ಅದರ ಬಗ್ಗೆ ಫಿನ್‌ಲೆಂಡಿನಲ್ಲಿ 29,133 ಸಿಗರೇಟು ಸೇದುವ ಗಂಡಸರ ಮೇಲೆ ಬಹಳ ವರ್ಷ ಪರೀಕ್ಷೆ ಮಾಡಿದ್ದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, 18% ಜಾಸ್ತಿ ಆಯಿತು. ತರಕಾರಿಯಲ್ಲಿ ತಿಂದರೆ ಒಳ್ಳೆಯದಾದ ವಸ್ತು ಮಾತ್ರೆಯಾಗಿ ಬಂದಾಗ, ಅದೂ ತಂಬಾಕು ಬಳಸುವವರಿಗೆ, ಕೆಟ್ಟದ್ದು ಮಾಡಿತು. ಅಮೃತಬಳ್ಳಿ ರಸದ ವಿಷಯಕ್ಕೂ ಹುಷಾರಾಗಿರಿ, 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದ ಮೇಲೆ ಲಿವರ್‌ಗೆ ತೊಂದರೆಯಾದ ರೋಗಿಗಳ ಬಗ್ಗೆ ವರದಿ ಮಾಡಿದ್ದರು.

ಇವೆಲ್ಲ ಬಿಡಿ. ನಮ್ಮ ಮನೆಯಲ್ಲಿ ಕಿಟ್ ಮಾಡಿದ ದೊಡ್ಡ ಹಾನಿ ಬೇರೆಯದು.

ಅಪ್ಪ ಕಡ್ಡಿಪುಡಿಯನ್ನು ಜಾಸ್ತಿ ಮಾಡಿದರು. ನಿಜವಾಗಲೂ. ಬೆಳಗ್ಗೆ ಎದ್ದು ಶ್ರದ್ಧೆಯಿಂದ ಒಂದು ಲೋಟ ಹಸಿರು ನೀರು ಕುಡಿದು, ಸಂಚಿ ಬಿಚ್ಚುತ್ತಿದ್ದರು. ಅಮ್ಮ ಏನಾದರೂ ಅಂದರೆ 'ಪುಡಿ ಕುಡೀತಾ ಇದೀನಲ್ಲ, ಏನೂ ಆಗಲ್ಲ ಬಿಡು' ಅನ್ನುತ್ತಿದ್ದರು. ಎರಡು ಪ್ಯಾಕೆಟ್ ಮೂರಾಯಿತು. ಚಿಕ್ಕಮ್ಮನಿಗೆ ಹಾಗಾದ ಮೇಲೆ ಅಪ್ಪನಿಗೂ ಒಳಗೊಳಗೇ ಹೆದರಿಕೆ ಹುಟ್ಟಿತ್ತು, ಕಮ್ಮಿ ಮಾಡಬೇಕು ಅಂತ ಒಂದೆರಡು ಸಲ ಅವರೇ ಹೇಳಿದ್ದರು. ಆ ಹೆದರಿಕೆ ಒಂದು ಒಳ್ಳೆಯ ಬಾಗಿಲು ತೆರೆದಿತ್ತು. ಕಿಟ್ ಬಂದು ಅದನ್ನು ಮುಚ್ಚಿತು. ಇದು ನಮ್ಮ ಅಪ್ಪ ಒಬ್ಬರ ಕಥೆಯಲ್ಲ ಅಂತ ಆಮೇಲೆ ಗೊತ್ತಾಯಿತು. ತೈವಾನ್‌ನಲ್ಲಿ ಮಾಡಿದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಗಿತ್ತು. ಸಿಗರೇಟು ಸೇದುವವರಿಗೆಲ್ಲ ಏನೂ ಇಲ್ಲದ ಸುಳ್ಳು ಮಾತ್ರೆ ಕೊಟ್ಟರು, ಕೆಲವರಿಗೆ ಮಾತ್ರ ಇದು ವಿಟಮಿನ್ ಅಂತ ಹೇಳಿದರು. ವಿಟಮಿನ್ ತೆಗೆದುಕೊಂಡೆವು ಅಂದುಕೊಂಡವರು ಜಾಸ್ತಿ ಸಿಗರೇಟು ಸೇದಿದರು.

ಇದಕ್ಕೇ ನನಗೆ ಆ ಕಿಟ್ ಮೇಲೆ ಇಷ್ಟು ಕೋಪ. 4,800 ರೂಪಾಯಿ ಹೋದದ್ದಕ್ಕಲ್ಲ. ದುಡ್ಡು ವಾಪಸ್ ಕೇಳಿದಾಗ 'ಮೂರು ತಿಂಗಳ ಕೋರ್ಸ್ ಮುಗಿಸಿ ಆಮೇಲೆ ಮಾತಾಡಿ' ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಅದು ಹೋಗಲಿ. ಇದಕ್ಕೆ ನನ್ನ ರೇಟಿಂಗ್ 1, ಅದೂ ಇದಕ್ಕಿಂತ ಕಡಿಮೆ ಕೊಡಲು ಬರುವುದಿಲ್ಲ ಅಂತ.

ಈಗ ಫೋನ್ ಸೇವೆ.

ಈ ನಂಬರ್ ನನಗೆ ಸಿಕ್ಕಿದ್ದು ಅಪ್ಪನ ಕಡ್ಡಿಪುಡಿ ಪ್ಯಾಕೆಟ್ ಮೇಲೇ. ಜುಲೈನಲ್ಲಿ ಊರಿಗೆ ಹೋಗಿದ್ದಾಗ ಜಗುಲಿ ಮೇಲೆ ಖಾಲಿ ಪ್ಯಾಕೆಟ್ ಬಿದ್ದಿತ್ತು. ಅದರ ಮೇಲಿನ ಕ್ಯಾನ್ಸರ್ ಬಾಯಿಯ ಚಿತ್ರವನ್ನು ನಾವು ನೋಡಿ ನೋಡಿ ನೋಡದ ಹಾಗೆ ಆಗಿಬಿಟ್ಟಿದ್ದೆವು, ಅದರ ಜೊತೆಗೆ ಒಂದು ನಂಬರ್ ಇರುವುದು ಆವತ್ತೇ ಕಣ್ಣಿಗೆ ಬಿದ್ದಿದ್ದು. 2018ರಿಂದ ಎಲ್ಲ ತಂಬಾಕು ಪ್ಯಾಕೆಟ್ ಮೇಲೂ ಇದನ್ನು ಅಚ್ಚು ಹಾಕಬೇಕು ಅಂತ ನಿಯಮ ಇದೆ. ಸೇವೆ 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು, ಎರಡು ವರ್ಷದ ನಂತರ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಒಂದು ಕೇಂದ್ರ ತೆರೆದರು. ಹಾಗಾಗಿ ಕನ್ನಡದಲ್ಲಿ ಮಾತಾಡಬಹುದು. ಕರೆಗೆ ದುಡ್ಡಿಲ್ಲ.

ಮೊದಲು ನಾನೇ ಮಾಡಿದೆ. ಮಾತಾಡಿದ ಹುಡುಗಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, 'ಮೇಡಂ, ನಿಮ್ಮ ತಂದೆಯವರೇ ಮಾತಾಡಿದರೆ ಒಳ್ಳೆಯದು, ಬಿಡಬೇಕು ಅಂತ ಅವರಿಗೆ ಅನಿಸಬೇಕು' ಅಂದರು. ನನಗೆ ಆಗ ಸ್ವಲ್ಪ ಬೇಜಾರಾಯಿತು. ಈಗ ಅನ್ನಿಸುತ್ತದೆ, ಅದೇ ಸರಿ. 35 ವರ್ಷ ಅಮ್ಮ ಹೇಳಿದ್ದು, ನಾನು ಹೇಳಿದ್ದು ಯಾವುದೂ ನಾಟಿರಲಿಲ್ಲ.

ಅಪ್ಪ ಒಪ್ಪಲು ಹತ್ತು ದಿನ ಬೇಕಾಯಿತು. ಒಪ್ಪಿದ್ದಾದರೂ ಹೇಗೆಂದರೆ, ತೋಟದಲ್ಲಿ ಕೆಲಸಕ್ಕೆ ಬರುವ ಒಬ್ಬರಿಗೆ ಬಾಯಿ ಎರಡು ಬೆರಳಷ್ಟೂ ತೆರೆಯಲು ಆಗದೆ, ಮುದ್ದೆ ನುಂಗಲು ಕಷ್ಟವಾಗಿ, ಅವರ ಮಗ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಅಡಿಕೆ ಜಾಸ್ತಿ ಅಗಿಯುವವರಿಗೆ ಬರುವ ತೊಂದರೆ ಅದು. ಅಡಿಕೆಯಲ್ಲಿರುವ ಅರಿಕೊಲಿನ್ ಅನ್ನುವ ವಸ್ತುವಿನಿಂದ ಕೆನ್ನೆಯ ಒಳಪದರ ಗಟ್ಟಿಯಾಗಿ, ನಾರು ನಾರಾಗಿ, ದವಡೆ ಬಿಗಿದುಕೊಳ್ಳುತ್ತದೆ. ಮುಂದೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇರುತ್ತದೆ. ಅಪ್ಪ ಆವತ್ತು ರಾತ್ರಿ ಕನ್ನಡಿ ಮುಂದೆ ನಿಂತು ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯಿಗಿಟ್ಟು ನೋಡಿಕೊಂಡರಂತೆ. ಮೂರೂ ಹೋದವು. ಬೆಳಗ್ಗೆ ಎದ್ದು 'ಆ ನಂಬರ್‌ಗೆ ಹಚ್ಚು' ಅಂದರು.

ಜಗುಲಿ ಮೇಲೆ ಕೂತು ಸ್ಪೀಕರ್ ಹಾಕಿಕೊಂಡು ಮಾತಾಡಿದರು. ನಾನು ಪಕ್ಕದಲ್ಲೇ ಇದ್ದೆ. ಆ ಹುಡುಗಿ ಮೊದಲಿಗೆ ಉಪದೇಶವನ್ನೇ ಮಾಡಲಿಲ್ಲ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು, ಯಾವಾಗ ಜಾಸ್ತಿ ಬೇಕು ಅನ್ನಿಸುತ್ತದೆ, ಹಿಂದೆ ಯಾವಾಗಾದರೂ ಬಿಟ್ಟಿದ್ರಾ, ಎಷ್ಟು ದಿನ ಬಿಟ್ಟಿದ್ರಿ, ಆಗ ಏನು ಕಷ್ಟ ಆಯಿತು ಅಂತ ಒಂದೊಂದೇ ಕೇಳುತ್ತಾ ಹೋದರು. ಅಪ್ಪ ಬಾಯಿಬಿಟ್ಟು ಹೇಳಿದ್ದನ್ನು ಕೇಳಿ ನನಗೇ ಆಶ್ಚರ್ಯ. ಅಜ್ಜಿ ತೀರಿಕೊಂಡ ವರ್ಷ 19 ದಿನ ಬಿಟ್ಟಿದ್ದರಂತೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಹುಡುಗಿ 'ಸರ್, 19 ದಿನ ಒಬ್ಬರೇ ಬಿಟ್ಟಿದ್ದೀರಿ ಅಂದರೆ ನಿಮ್ಮ ಕೈಲಿ ಆಗುತ್ತೆ' ಅಂದರು. ಅಪ್ಪನ ಮುಖ ನೋಡಬೇಕಿತ್ತು.

ಬಿಡುವ ದಿನ ನೀವೇ ಆರಿಸಿ ಅಂದರು. ಅಪ್ಪ ಮೊದಲ ಶ್ರಾವಣ ಸೋಮವಾರ ಅಂದರು. ಆ ದಿನಕ್ಕೆ ಮುಂಚೆ ಮನೆಯಲ್ಲಿರುವ ಪ್ಯಾಕೆಟ್, ಸಂಚಿ, ಸುಣ್ಣದ ಡಬ್ಬಿ ಎಲ್ಲ ಕಣ್ಣಿಗೆ ಕಾಣದ ಹಾಗೆ ಮಾಡಿ, ಮನೆಯವರಿಗೆ, ಕಟ್ಟೆ ಮೇಲೆ ಜೊತೆ ಕೂರುವವರಿಗೆ ಮೊದಲೇ ಹೇಳಿಬಿಡಿ ಅಂದರು. ಅಪ್ಪ ಕೇಳಿದ ಒಂದು ಪ್ರಶ್ನೆ ಬಹಳ ಜನಕ್ಕೆ ಬರುತ್ತದೆ: 'ಕಡ್ಡಿಪುಡಿ ಬಿಟ್ಟು ಬರೀ ಎಲೆ ಅಡಿಕೆ ಹಾಕ್ಕೊಬಹುದಾ ತಾಯಿ?' ಬೇಡ ಅಂದರು. ಅಡಿಕೆ ಒಂದನ್ನೇ ಅಗಿದರೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಹೇಳಿದೆ. ಅಡಿಕೆ ಬೆಳೆಯುವ ಜಿಲ್ಲೆಗಳಲ್ಲಿ ಇದನ್ನು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ, ನಮ್ಮ ನೆಂಟರಲ್ಲೇ ಅರ್ಧ ಜನ ಅಡಿಕೆ ಬೆಳೆಗಾರರು. ಆದರೂ ಹೇಳಲೇಬೇಕು.

ಮೊದಲ ನಾಲ್ಕು ದಿನ ಮನೆಯಲ್ಲಿ ಎಲ್ಲರಿಗೂ ಕಷ್ಟ. ಅಪ್ಪನಿಗೆ ತಲೆನೋವು, ನಿದ್ದೆ ಇಲ್ಲ, ಹೊಟ್ಟೆ ಕಟ್ಟಿತು, ಸಣ್ಣದಕ್ಕೂ ರೇಗುತ್ತಿದ್ದರು. ಹೀಗೆಲ್ಲ ಆಗುತ್ತದೆ ಅಂತ ಮೊದಲೇ ಹೇಳಿದ್ದರಿಂದ ಅಮ್ಮ ತಾಳಿಕೊಂಡರು. ಹೇಳಿಕೊಟ್ಟ ಉಪಾಯ ಸರಳ. ಬೇಕು ಅನ್ನಿಸಿದ ತಕ್ಷಣ ಐದು ಹತ್ತು ನಿಮಿಷ ಮುಂದಕ್ಕೆ ಹಾಕಬೇಕು, ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು, ಉಸಿರು ದೀರ್ಘವಾಗಿ ಎಳೆದು ಬಿಡಬೇಕು, ಕೂತ ಜಾಗದಿಂದ ಎದ್ದು ಬೇರೆ ಕೆಲಸ ಹಿಡಿಯಬೇಕು. ಆ ಆಸೆ ಅಲೆ ಥರ, ಏರುತ್ತದೆ, ಇಳಿಯುತ್ತದೆ. ಇಳಿಯುವುದಿಲ್ಲ ಅಂತ ನಮಗೆ ಅನ್ನಿಸುತ್ತದೆ ಅಷ್ಟೇ. ಬಾಯಿಗೆ ಏನಾದರೂ ಬೇಕಲ್ಲ, ಅದಕ್ಕೆ ಅಮ್ಮ ಒಂದು ಚಿಕ್ಕ ಡಬ್ಬಿಯಲ್ಲಿ ಲವಂಗ, ಏಲಕ್ಕಿ, ಸೋಂಪು, ಕೊಬ್ಬರಿ ಚೂರು ಹಾಕಿ ಕೊಟ್ಟರು. ಕೊಬ್ಬರಿ ಚೂರು ಅಪ್ಪನಿಗೆ ಹಿಡಿಸಿತು.

ಅವರೇ ತಿರುಗಿ ಫೋನ್ ಮಾಡುತ್ತಾರೆ. ಈ ಸೇವೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಬಿಡುವ ದಿನ ಮಾಡಿದರು, ಆಮೇಲೆ ಎರಡು ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ. 'ಇವತ್ತು ಆ ಹುಡ್ಗಿ ಫೋನ್ ಮಾಡುತ್ತೆ, ಹಾಕ್ಕೊಂಡೆ ಅಂತ ಹೆಂಗ್ ಹೇಳಲಿ' ಅಂತ ಅಪ್ಪ ಒಂದು ದಿನ ಪೂರ್ತಿ ತಡೆದುಕೊಂಡಿದ್ದರು.

ಆದರೂ 24ನೇ ದಿನ ತಪ್ಪಿತು. ಬೀಗರ ಊಟಕ್ಕೆ ಹೋಗಿದ್ದಾಗ ತಟ್ಟೆಯಲ್ಲಿ ತಾಂಬೂಲ ಬಂತು, ಪಕ್ಕದಲ್ಲಿ ಕೂತವರು ಕಡ್ಡಿಪುಡಿ ನೀಡಿದರು, ಬೇಡ ಅನ್ನಲು ಆಗಲಿಲ್ಲ. ಮನೆಗೆ ಬಂದು ಎರಡು ದಿನ ಮತ್ತೆ ಹಾಕಿಕೊಂಡರು. ನಾಚಿಕೆಯಿಂದ ಫೋನ್ ಎತ್ತಲೇ ಇಲ್ಲ. ನಾನು ಬಲವಂತವಾಗಿ ಮಾಡಿಸಿದೆ. ಅವರು ಬೈಯಲಿಲ್ಲ. ಬಹಳ ಜನಕ್ಕೆ ಒಂದೇ ಸಲಕ್ಕೆ ಆಗುವುದಿಲ್ಲ, 23 ದಿನ ಸುಮ್ನೆ ಹೋಗಲಿಲ್ಲ, ಯಾವಾಗ ತಪ್ಪಿತು ಅಂತ ಈಗ ಗೊತ್ತಾಯಿತಲ್ಲ ಅಂದರು. ತಾಂಬೂಲವನ್ನು ಬೇಡ ಅನ್ನುವುದು ಕಷ್ಟ ಆದರೆ ಎರಡೂ ಕೈಯಲ್ಲಿ ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳಿ, ಮನೆಗೆ ತಂದು ದೇವರ ಮುಂದೆ ಇಡಿ ಅಂತ ಅಮ್ಮ ಹೇಳಿದರು. ಅದು ಕೆಲಸ ಮಾಡಿತು. ಕೊಟ್ಟವರಿಗೂ ಬೇಜಾರಿಲ್ಲ.

ಫೋನಿನಲ್ಲಿ ಆಗದ ಕೆಲಸವೂ ಇದೆ. ಅವರು ಬಾಯಿ ನೋಡಲಾರರು. ಒಮ್ಮೆ ಹಲ್ಲಿನ ಡಾಕ್ಟರ್ ಹತ್ತಿರ ತೋರಿಸಿ ಅಂತ ಅವರೇ ಹೇಳಿದರು. ತೋರಿಸಿದಾಗ ಎಡ ಕೆನ್ನೆಯ ಒಳಗೆ, ಅಪ್ಪ 35 ವರ್ಷ ಎಲೆಅಡಿಕೆ ಒತ್ತರಿಸಿ ಇಟ್ಟುಕೊಳ್ಳುತ್ತಿದ್ದ ಅದೇ ಜಾಗದಲ್ಲಿ, ಒಂದು ಬಿಳಿ ಮಚ್ಚೆ ಇತ್ತು. ನೋವಿಲ್ಲ, ಉರಿಯಿಲ್ಲ, ಉಜ್ಜಿದರೆ ಹೋಗುವುದಿಲ್ಲ. ಡಾಕ್ಟರ್ ಹೇಳಿದ್ದು, ತಂಬಾಕು ಪೂರ್ತಿ ನಿಲ್ಲಿಸಿ ಆರು ವಾರ ಬಿಟ್ಟು ಬನ್ನಿ, ಆಗಲೂ ಹಾಗೇ ಇದ್ದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇನೆ. ಆ ಆರು ವಾರ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಡಾಕ್ಟರ್ 2 ಮಿಲಿಗ್ರಾಂ ನಿಕೋಟಿನ್ ಗಮ್ಮನ್ನೂ ಹೇಳಿದ್ದರು. ಅದನ್ನು ಅಪ್ಪ ಎಲೆಅಡಿಕೆ ಥರ ಒಂದೇ ಸಮ ಅಗಿದು ಬಿಕ್ಕಳಿಕೆ ಬರಿಸಿಕೊಂಡರು. ಅದನ್ನು ನಿಧಾನಕ್ಕೆ ಸ್ವಲ್ಪ ಅಗಿದು, ಖಾರ ಖಾರ ಅನ್ನಿಸಿದ ತಕ್ಷಣ ಕೆನ್ನೆ ಪಕ್ಕ ಇಟ್ಟು ಬಿಡಬೇಕು, ರುಚಿ ಹೋದ ಮೇಲೆ ಮತ್ತೆ ಅಗಿಯಬೇಕು. ಬಳಸುವವರಿಗೆ ಇದು ಗೊತ್ತಿರಲಿ.

ಆರು ವಾರದ ನಂತರ ಮಚ್ಚೆ ತೆಳ್ಳಗಾಗಿತ್ತು. ಮೂರು ತಿಂಗಳಿಗೆ ಹುಡುಕಿದರೂ ಸರಿಯಾಗಿ ಕಾಣುತ್ತಿರಲಿಲ್ಲ. ಯಾವ ಪುಡಿಯೂ ಇಲ್ಲ, ಯಾವ ರಸವೂ ಇಲ್ಲ. ಕಿಟ್‌ನ ಪಾಂಪ್ಲೆಟ್‌ನಲ್ಲಿ ಬರೆದಿದ್ದ ಆ ದೇಹದ ಶಕ್ತಿ ಅಂತಾರಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದು ಆವತ್ತು. ದಿನಾ ಅದೇ ಜಾಗಕ್ಕೆ ಸುಣ್ಣ, ಹೊಗೆಸೊಪ್ಪಿನ ವಿಷ ಸುರಿಯುವುದನ್ನು ನಿಲ್ಲಿಸಿದ್ದಕ್ಕೆ ಕೆನ್ನೆ ತನ್ನ ಪಾಡಿಗೆ ತಾನು ಹೊಸ ಚರ್ಮ ಹಾಕಿಕೊಂಡಿತು. ಅಪ್ಪ ಹೇಳಿದ್ದು ಅವರ ಭಾಷೆಯಲ್ಲಿ: 'ತೂಬು ತೆಗೆದಿಟ್ಟು ಬದು ಕಟ್ತಾ ಇದ್ವಿ.' ಶ್ವಾಸಕೋಶದಲ್ಲೂ ಹೀಗೇ ಆಗುತ್ತದೆ ಅಂತ 2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದ್ದಾರೆ. 16 ಜನರ ಶ್ವಾಸನಾಳದ ಕೋಶಗಳನ್ನು ಒಂದೊಂದಾಗಿ ನೋಡಿದಾಗ, ಸಿಗರೇಟು ಬಿಟ್ಟವರಲ್ಲಿ ಹಾನಿಯಾಗದ ಆರೋಗ್ಯವಂತ ಕೋಶಗಳು ಇನ್ನೂ ಸೇದುತ್ತಿರುವವರಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಇದ್ದವು. ಎಲ್ಲೋ ಉಳಿದುಕೊಂಡಿದ್ದ ಒಳ್ಳೆಯ ಕೋಶಗಳು ಬಿಟ್ಟ ಮೇಲೆ ಬೆಳೆದು ಜಾಗ ತುಂಬಿದ ಹಾಗೆ. ಸಿಗರೇಟು ಬಿಟ್ಟ 5ರಿಂದ 10 ವರ್ಷದಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಅರ್ಧಕ್ಕೆ ಇಳಿಯುತ್ತದೆ.

ಎಲ್ಲರ ಮಚ್ಚೆಯೂ ಹೀಗೆ ಹೋಗುತ್ತದೆ ಅಂತ ತಿಳಿಯಬೇಡಿ. ತೋರಿಸಲೇಬೇಕು. ಬರೀ ಟಾರ್ಚ್ ಹಿಡಿದು ಬಾಯಿ ನೋಡುವುದರಿಂದ ಎಷ್ಟು ಉಪಯೋಗ ಅಂತ ಕೇರಳದ ತಿರುವನಂತಪುರದಲ್ಲಿ 1996ರಿಂದ ದೊಡ್ಡ ಅಧ್ಯಯನ ನಡೆದಿತ್ತು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು ಅಂತ 2005ರಲ್ಲಿ ಪ್ರಕಟವಾಯಿತು. 30 ವರ್ಷ ದಾಟಿದವರ ಬಾಯಿ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಮಾಡಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ, ಆಶಾ ಕಾರ್ಯಕರ್ತೆಯರನ್ನು ಕೇಳಿ.

ಉಳಿದ ಅಭ್ಯಾಸಗಳ ಬಗ್ಗೆ ಚಿಕ್ಕದಾಗಿ. ಅಪ್ಪ ದಿನಾ ತೋಟ ಸುತ್ತುತ್ತಾರೆ, ರಾಗಿ ಮುದ್ದೆ, ಹುರುಳಿ, ಸೊಪ್ಪು ತಿನ್ನುತ್ತಾರೆ. ಅಲ್ಲಿ ತಿದ್ದುವುದು ಏನೂ ಇರಲಿಲ್ಲ. ತಿದ್ದಿಕೊಳ್ಳಬೇಕಾದವಳು ನಾನು. ಬೆಂಗಳೂರಿನಲ್ಲಿ ಹತ್ತು ಗಂಟೆ ಕುರ್ಚಿ, ಮೈಭಾರ ಜಾಸ್ತಿ. ಮೈಯಲ್ಲಿ ಕೊಬ್ಬು ಜಾಸ್ತಿಯಾಗುವುದಕ್ಕೂ 13 ಬಗೆಯ ಕ್ಯಾನ್ಸರ್‌ಗಳಿಗೂ ಸಂಬಂಧ ಇದೆ ಅಂತ 2016ರಿಂದಲೇ ಹೇಳುತ್ತಿದ್ದಾರೆ. ಈಗ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುತ್ತಿದ್ದೇನೆ, ತಪ್ಪದೆ. ಮದ್ಯದ ವಿಷಯಕ್ಕೆ ಬಂದರೆ 'ಸ್ವಲ್ಪ ಕುಡಿದರೆ ಒಳ್ಳೆಯದು' ಅನ್ನುವ ಮಾತನ್ನು ಮರೆತುಬಿಡಿ, ಆರೋಗ್ಯಕ್ಕೆ ಹಾನಿಯಾಗದ ಅಳತೆ ಅಂತ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಇನ್ನು ಇಮ್ಯುನಿಟಿಗೆ ನಿಜವಾಗಲೂ ದುಡ್ಡು ಖರ್ಚು ಮಾಡಬೇಕು ಅಂತಿದ್ದರೆ ಅದಕ್ಕೆ ಒಂದು ಜಾಗ ಇದೆ, ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ ತಡೆಯುವ ಎಚ್‌ಪಿವಿ ಲಸಿಕೆ. ಸ್ವೀಡನ್‌ನಲ್ಲಿ 17 ವರ್ಷಕ್ಕೆ ಮುಂಚೆ ಹಾಕಿಸಿಕೊಂಡ ಹುಡುಗಿಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ 88% ಕಡಿಮೆ ಕಂಡುಬಂತು, 2020ರಲ್ಲಿ. ದೇಹಕ್ಕೆ ಯಾರನ್ನು ಹೊಡೆಯಬೇಕು ಅಂತ ಕಲಿಸಿಕೊಡುವುದು ಅಂದರೆ ಅದು. 11 ವರ್ಷದ ನನ್ನ ಮಗಳಿಗೆ ಹಾಕಿಸಿದೆ.

ಈಗ ಚಿಕ್ಕಮ್ಮನ ಮಾತು. ಅವರು ಎಲೆಅಡಿಕೆ ಹಾಕಿದವರಲ್ಲ, ದಪ್ಪ ಇರಲಿಲ್ಲ, ಇಬ್ಬರು ಮಕ್ಕಳಿಗೂ ಎದೆಹಾಲು ಕುಡಿಸಿದವರು, ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಕೆಲಸ ಮಾಡಿದವರು. ಅವರಿಗೂ ಬಂತು. ಕ್ಯಾನ್ಸರ್‌ಗಳಲ್ಲಿ 30ರಿಂದ 50% ತಡೆಯಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದ ಅರ್ಧ, ಅಥವಾ ಅದಕ್ಕಿಂತ ಜಾಸ್ತಿ ಇದೆಯಲ್ಲ, ಅದು ವಯಸ್ಸು, ವಂಶ, ಕೋಶ ವಿಭಜನೆಯಲ್ಲಿ ಆದ ಒಂದು ತಪ್ಪು, ಯಾರ ಕೈಯಲ್ಲೂ ಇಲ್ಲದ್ದು. ಚಿಕಿತ್ಸೆಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುತ್ತಿರುವ ಹೆಂಗಸಿಗೆ 'ನಿಮ್ಮ ಇಮ್ಯುನಿಟಿ ಕಮ್ಮಿ ಇತ್ತು' ಅಂತ ಹೇಳಿ ಸಾಮಾನು ಮಾರುವುದು ಕ್ರೂರ. ಚಿಕ್ಕಮ್ಮ ನನ್ನನ್ನು ಕೇಳಿದ್ದರು, 'ನಾನೇನು ಸರಿಯಾಗಿ ಉಣ್ಣಲಿಲ್ವೇನೆ?' ಅಂತ. ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಕೇಳಿದರೆ, ಇಲ್ಲ, ನಿಮ್ಮ ತಪ್ಪು ಏನೂ ಇಲ್ಲ ಅಂತ ಗಟ್ಟಿಯಾಗಿ ಹೇಳಿ.

ಫೋನ್ ಸೇವೆಗೆ ನನ್ನ ರೇಟಿಂಗ್ 5. ಯಾರಿಗೆ ಉಪಯೋಗ ಅಂದರೆ, ಬಿಡಬೇಕು ಅಂತ ಒಂದು ಚೂರಾದರೂ ಮನಸ್ಸಿರುವವರಿಗೆ. ಮನಸ್ಸೇ ಇಲ್ಲದವರನ್ನು ಎಳೆದುತಂದು ಫೋನ್ ಹಿಡಿಸಿದರೆ ಪ್ರಯೋಜನ ಇಲ್ಲ, ಕಾಯಬೇಕು. ಕಿವಿ ಮಂದ ಇರುವವರಾದರೆ ಮನೆಯವರು ಜೊತೆಗೆ ಕೂತುಕೊಳ್ಳಿ. ಬಾಯಿಯಲ್ಲಿ ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಬಾಯಿ ಬಿಗಿಯುವುದು ಇದ್ದರೆ ಫೋನಿಗೆ ಮುಂಚೆ ಡಾಕ್ಟರ್ ಹತ್ತಿರ ಹೋಗಿ.

ಅಪ್ಪ ಮತ್ತೆ ಬಿಟ್ಟು ಆರು ತಿಂಗಳು ದಾಟಿತು. ಮುಂದಿನ ತಿಂಗಳು ನಮ್ಮ ಮನೆಯಲ್ಲೇ ತಮ್ಮನ ಮದುವೆ ಇದೆ. ಬಂದವರಿಗೆಲ್ಲ ತಾಂಬೂಲ ಕೊಡುವವರು ಅಪ್ಪನೇ, ಮೂರು ದಿನ ಎಲೆಅಡಿಕೆ ತಟ್ಟೆ ಅವರ ಕೈಯಲ್ಲೇ ಇರುತ್ತದೆ. ಅದನ್ನು ಈ ಸಲ ದೊಡ್ಡಪ್ಪನ ಮಗನಿಗೆ ವಹಿಸೋಣ ಅಂತ ನಾನು, ಬೇಡ ನಾನೇ ಕೊಡ್ತೀನಿ ಅಂತ ಅಪ್ಪ. ನಿಮ್ಮ ಮನೆಯಲ್ಲಿ ಯಾರಾದರೂ ಎಲೆಅಡಿಕೆ, ಹೊಗೆಸೊಪ್ಪು ಬಿಟ್ಟ ಮೇಲೆ ಇಂಥ ಮದುವೆ ಮನೆ ದಾಟಿ ಬಂದಿದ್ದರೆ, ಹೇಗೆ ನಿಭಾಯಿಸಿದಿರಿ ಅಂತ ಬರೆಯಿರಿ. ಅಪ್ಪನಿಗೆ ಓದಿ ಹೇಳುತ್ತೇನೆ.